ಹಾಳು ಕಮಾನಿನ ಜೀರ್ಣೋದ್ಧಾರ

ಹೆಂಡತಿಯ ತವರಿನಲ್ಲೇ ಬೀಡುಬಿಟ್ಟಿದ್ದ ಚಿತ್ರಕಾರನನ್ನು ಬೀದಿಯವರೆಲ್ಲ ‘ಅಳಿಯಂದ್ರು’ ಎಂದೇ ಕರೆಯುತ್ತಿದ್ದರು. ಆ ಬಡಪಾಯಿಯ ಅಂದಿನ ಫಜೀತಿಗೆಲ್ಲ ಕಾರಣ ಸಂಜೆಯ ಬಿಸಿಲು. ಚಿತ್ರಸ್ಪರ್ಧೆಯ ತೀರ್ಪುಗಾರರು ಸಂಜೆ ಬರುವವರಿದ್ದರು. ಕಣ್ಣೆದುರಿನ ದೃಶ್ಯವನ್ನೇ ಬರೆಯಬೇಕು, ಚಿತ್ರವನ್ನೂ ಸ್ಥಳವನ್ನೂ ಹೋಲಿಸಿ ನೋಡುತ್ತೇವೆ ಎಂಬುದು ಅವರ ನಿಯಮ. ಈ ಸಲವೂ ಸೋತರೆ ಗೋಡೆಗೆ ಬಳಿಯುವ ಸುಣ್ಣ-ಬಣ್ಣ ಮಾರುವ ತಮ್ಮ ಅಂಗಡಿಗೆ ಬಂದು ಕೂರಬೇಕೆಂದು ಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಅಳಿಯಂದ್ರು ಆರಿಸಿಕೊಂಡದ್ದು ಬೀದಿಯ ಕೊನೆಯ ಮುರುಕು ಕಮಾನು. ಅದು ಯಾವ ಕಾಲದ್ದೋ ದೇವರಿಗೇ ಗೊತ್ತು. ಎಡಕ್ಕೆ ಕಪ್ಪಗೆ ಒಂದು ಮರ, ನಡುವೆ ಕಮಾನು, ಅದರೊಳಗಿಂದ ಕಾಣುವ ಕೆರೆ, ಆಚೆ ತೆಳುನೀಲಿಯ ಗುಡ್ಡ. ನೋಡುವವರ ಕಣ್ಣು ಹತ್ತಿರದ ಕತ್ತಲಿನಿಂದ ಹೊರಟು ದೂರದ ಬೆಳಕಿಗೆ ಹೋಗಿ ಸೇರಬೇಕು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು, ಕಲ್ಲಿನ ಮೇಲಿನ ಹೊಂಬಿಸಿಲೊಂದೇ ಬಾಕಿ ಉಳಿಯಿತು. ಬಿಸಿಲು ಇಳಿಯುವವರೆಗೆ ಮಾಡುವುದೇನೆಂದು ಅವರು ಊಟಕ್ಕೆ ಹೋದರು. ಊಟದ ಮೇಲೆ ಸಣ್ಣ ನಿದ್ದೆಯೂ ಆಯಿತು.

ಮರಳಿ ಬಂದು ನೋಡಿದರೆ, ಕಮಾನು ಹಲ್ಲು ಕಟ್ಟಿಸಿಕೊಂಡ ಅಜ್ಜನ ಹಾಗೆ ಬೆಳ್ಳಗೆ ನಗುತ್ತಿತ್ತು!

“ಸ್ಪರ್ಧೆಗೆ ಹೋಗೋ ಚಿತ್ರದಲ್ಲಿ ನಮ್ಮ ಬೀದಿ ಹರಕಲು ಮುರುಕಲು ಕಂಡ್ರೆ ಮಾನ ಉಳಿಯುತ್ತಾ?” ಎಂದ ಅಲ್ಲೇ ನಿಂತಿದ್ದ ಬೀದಿಯ ದರ್ಜಿ.

“ಬಿರುಕೆಲ್ಲ ಮುಚ್ಚಿ ಗಾರೆ ಮಾಡ್ದೆ. ಸುಣ್ಣ ನಿಮ್ಮ ಮಾವನೋರು ಕೊಟ್ರು,” ಎಂದ ಪಕ್ಕದಲ್ಲಿದ್ದ ಗಾರೆ ಮೇಸ್ತ್ರಿ.

ಅಳಿಯಂದ್ರು ತಲೆಯ ಮೇಲೆ ಕೈ ಹೊತ್ತು ಕೂತರು. “ಅಯ್ಯೋ, ಅದರ ಜೀವ ಇದ್ದದ್ದೇ ಬಿರುಕಲ್ಲಿ! ಮುರುಕು ಅಂಚಿಗೆ ಬಿಸಿಲು ತಗುಲಿ ಕೇಸರಿ ಆಗ್ತಿತ್ತು. ಸಂದಿಯೊಳಗೆ ನೇರಳೆ ನೆರಳು ಬೀಳ್ತಿತ್ತು. ಈ ಬಿಳಿ ಗೋಡೆ ಮೇಲೆ ಏನ್ರಿ ಬೀಳುತ್ತೆ, ನನ್ನ ಹೆಣ?”

ಮೇಸ್ತ್ರಿಯ ಮುಖ ಸಪ್ಪಗಾಯಿತು. ಆದರೆ ಗೋಳಾಡುತ್ತಾ ಕೂರಲು ಹೊತ್ತಿರಲಿಲ್ಲ. ಸ್ಥಳದಂತೆ ಚಿತ್ರವಿರಬೇಕಲ್ಲ! ಬಿಳಿ ಬಣ್ಣ ಬೇರೆ ಖಾಲಿಯಾಗಿತ್ತು. ಅಳಿಯಂದ್ರು ಚಿತ್ರವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಓಡಿದರು. ಬೆಳಗಿನಿಂದ ಒಂದೊಂದಾಗಿ ಬರೆದ ಬಿರುಕುಗಳನ್ನು ತಮ್ಮ ಕೈಯಾರೆ ಬಿಳಿ ಬಳಿದು ಮುಚ್ಚುವಾಗ ಅವರಿಗೆ ನಿಜವಾಗಿಯೂ ಅಳು ಬಂತು. ಅಂತೂ ಚಿತ್ರದ ಕಮಾನೂ ನೆಟ್ಟಗಾಯಿತು, ಬೆಳ್ಳಗಾಯಿತು.

ಬೀದಿಯ ತಿರುವಿನಲ್ಲೇ ತೀರ್ಪುಗಾರರು ಸಿಕ್ಕರು. ಅವರೊಂದಿಗೆ ಹೆಜ್ಜೆ ಹಾಕುವಾಗ ಮುಂದೆ ದಡಾರನೆ ಸದ್ದಾಯಿತು. ಹೋಗಿ ನೋಡಿದರೆ ಮೇಸ್ತ್ರಿ ಹಾರೆ ಹಿಡಿದು, ಮೈಯೆಲ್ಲ ಧೂಳಾಗಿ ನಿಂತಿದ್ದ.

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೆ! ಸುಣ್ಣ, ಗಾರೆ ಎಲ್ಲ ಕೆರೆದು ಮೊದಲಿಗಿಂತ ಚೆನ್ನಾಗಿ ಹಾಳು ಮಾಡಿದೀವಿ!”

“ಇನ್ನೂ ಎಲ್ಲೆಲ್ಲಿ ಬಿರುಕು ಬೇಕು ಹೇಳಿ,” ಎಂದ ದರ್ಜಿ, ಕೈಯಲ್ಲಿ ಸುತ್ತಿಗೆ ಆಡಿಸುತ್ತ.

ಅದೇ ಹೊತ್ತಿಗೆ ಹೊಂಬಿಸಿಲು ಇಳಿಯಿತು. ಮುರಿದ ಅಂಚುಗಳು ಕೇಸರಿಯಾದವು, ಸಂದಿಗಳಲ್ಲಿ ನೇರಳೆ ತುಂಬಿತು, ಕೆರೆ ಬಂಗಾರವಾಯಿತು. ಆ ಕಮಾನು ಹುಟ್ಟಿದಂದಿನಿಂದ ಅಷ್ಟು ಚೆಂದ ಕಂಡಿರಲಿಕ್ಕಿಲ್ಲ. ತೀರ್ಪುಗಾರರು ಮೈಮರೆತು ನೋಡಿದರು. ಆಮೇಲೆ ಚಿತ್ರದ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

“ಅಲ್ಲ ಸ್ವಾಮಿ, ಇಂಥ ದೃಶ್ಯ ಎದುರಿಗಿಟ್ಕೊಂಡು ಸುಣ್ಣದ ಗೋಡೆ ಬರೆದಿದೀರಲ್ಲ! ಕಣ್ಣು ತೋರಿಸಿಕೊಳ್ಳಿ,” ಎಂದು ಹೇಳಿ ಹೊರಟೇಬಿಟ್ಟರು.

ನೋಡಲು ನೆರೆದ ಗುಂಪಿನಲ್ಲಿದ್ದ ಮಾವ ಮುಂದೆ ಬಂದು ಚಿತ್ರವನ್ನು ಹತ್ತಿರದಿಂದ, ದೂರದಿಂದ, ಓರೆಯಾಗಿ, ಎಲ್ಲ ಕಡೆಯಿಂದ ನೋಡಿದರು. ಮೊಟ್ಟಮೊದಲ ಬಾರಿಗೆ ಅವರ ಮುಖದಲ್ಲಿ ಅಳಿಯನ ಬಗ್ಗೆ ಮೆಚ್ಚುಗೆ ಕಂಡಿತು.

“ಒಂದು ಕಡೆನೂ ಪಟ್ಟೆ ಕಾಣ್ದೆ ಎಷ್ಟು ನೀಟಾಗಿ ಬಳಿದಿದೀರಿ ಅಳಿಯಂದ್ರೆ! ಇದನ್ನ ಅಂಗಡಿ ಬಾಗಿಲಲ್ಲೇ ನೇತುಹಾಕೋಣ. ಬೆಳಿಗ್ಗೆ ಬೇಗ ಬಂದ್ಬಿಡಿ.”