ಒಬ್ಬರ ಹೊರತು ಯಾರಿಗೂ ಪ್ರವೇಶವಿಲ್ಲ

"ಈ ಹುಡುಗಿ ಬಿ.ಎ. ಆದ್ರ ನಮ್ಮ ಎಮ್ಮಿ ವಕೀಲಕಿ ಮಾಡ್ತೈತಿ" ಎಂದು ಸಾರಿದವರು ಬಾಳು ಕಾಕಾ, ತೀರಿಹೋದ ನನ್ನ ಅಪ್ಪನ ತಮ್ಮ. ಅಲಖನೂರಿನ ನಮ್ಮ ಓಣಿಯಲ್ಲಿ ಈ ಮಾತು ಕೇಳದವರಿಲ್ಲ. ಎಮ್ಮೆಯೂ ಕೇಳಿಸಿಕೊಂಡಿತ್ತು. ಆದರೂ ಅವ್ವ ಪರರ ಕಬ್ಬಿನಲ್ಲಿ ಕಸ ತೆಗೆದು ನನ್ನನ್ನು ಓದಿಸಿದಳು. ನಾನು ಬಿ.ಎ. ಆದೆ. ಅದೂ ಇಂಗ್ಲಿಷ್ ವಿಷಯದಲ್ಲಿ!

ಚಿಕ್ಕೋಡಿಯ ಕಾಲೇಜಿನಿಂದ ಪದವಿ ಪ್ರದಾನದ ಸೂಚನೆ ಮೊಬೈಲಿಗೆ ಬಂತು. ಸಭಾಂಗಣ ಸಣ್ಣದು; ಪದವೀಧರರ ಜೊತೆ 'ಎಕ್ಸೆಪ್ಟ್ ಒನ್ ಗೆಸ್ಟ್' ಯಾರಿಗೂ ಪ್ರವೇಶವಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಮನೆಮಂದಿಗೆ ಪಾಠ ಆರಂಭಿಸಿದೆ. ಎಕ್ಸೆಪ್ಟ್ ಎಂದರೆ ಹೊರತು. 'ಬಾಳು ಕಾಕಾನ ಹೊರತು ಎಲ್ಲರೂ ಉಂಡರು' ಎಂದರೆ ಕಾಕಾ ಉಪವಾಸ. 'ಬಾಳು ಕಾಕಾನ ಹೊರತು ಯಾರೂ ಉಣ್ಣಲಿಲ್ಲ' ಎಂದರೆ ಉಂಡವರು ಕಾಕಾ ಒಬ್ಬರೇ.

"ಎರಡನೇದು ಚಲೋ ಐತಿ" ಎಂದರು ಕಾಕಾ. "ಅದಿರ್ಲಿ, ಆ ಒಬ್ರು ಯಾರು?"

ನಮ್ಮ ಭಾವಕಿಯಲ್ಲಿ, ಅಂದರೆ ದಾಯಾದಿ ಬಳಗದಲ್ಲಿ, ಕರೆಯದೆ ಬಿಡುವುದು ಸಣ್ಣ ಅಪರಾಧವಲ್ಲ. ಯಾವುದೋ ತೊಟ್ಟಿಲ ಕಾರ್ಯಕ್ಕೆ ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆಯಲಿಲ್ಲವೆಂದು ಎರಡು ಮನೆಗಳು ಇವತ್ತಿಗೂ ಒಂದರಲ್ಲೊಂದು ನೀರು ಕುಡಿಯುವುದಿಲ್ಲ. ತೊಟ್ಟಿಲಲ್ಲಿದ್ದ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ. "ಆಮ್ಯಾಲೆ ಹೇಳ್ತೀನ್ರಿ" ಎಂದು ಓಡಿದೆ.

ಎಷ್ಟು ದೂರ ಓಡುವುದು? ಕಾಕಾ ದನದ ಕೊಟ್ಟಿಗೆಯ ಬಳಿ ಹಿಡಿದರು.

"ನಾನ ಅಲ್ಲೇನ?"

"ಹೌದ್ರಿ ಕಾಕಾ. ನಿಮ್ಮ ಹೊರತು ಯಾರಿಗೂ ಇಲ್ಲ. ಯಾರ ಮುಂದೂ ಹೇಳಬ್ಯಾಡ್ರಿ."

ಮುಗಳಖೋಡದ ಅತ್ಯಾ ನನಗೆಂದು ಸೀರೆ ಹಿಡಿದು ಬಂದರು. ನಿಪ್ಪಾಣಿಯ ಮಾಮಾ ನನ್ನ ತಲೆಗೆ ಸುತ್ತಲು ಫೇಟಾ ಕೊಂಡಿದ್ದೇನೆಂದು ಫೋನ್ ಮಾಡಿದರು. ಅವರಿಗೂ ಅದೇ ವಾಕ್ಯ ಒಪ್ಪಿಸಿದೆ. ಮೂರು ವಾಕ್ಯಗಳಲ್ಲೂ ವ್ಯಾಕರಣದ ತಪ್ಪಿರಲಿಲ್ಲ.

ಆ ದಿನ, ಮುಂಚೆಯೇ ಊರಿಗೆ ಬಂದಿದ್ದ ಮಾಮಾ ಸೇರಿ, ಎಲ್ಲರೂ ಒಂದೇ ಕ್ರೂಸರ್ ಗಾಡಿ ಹತ್ತಿದರು. 'ಪಾಪ, ಇವರೆಲ್ಲ ಹೊರಗೇ ಉಳಿಯುವವರು' ಎಂದು ಒಬ್ಬರನ್ನೊಬ್ಬರು ಮರುಕದಿಂದ ನೋಡುತ್ತಿದ್ದರು. ಗಾಡಿ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅಂದು ಅದು ಎಂದಿಗಿಂತ ಚೆನ್ನಾಗಿ ಓಡಿತು.

"ಒಬ್ರ ಬರ್ರಿ" ಎಂದ ಗೇಟಿನ ಕಾವಲುಗಾರ. ಮೂವರು ಮುಂದೆ ಬಂದರು.

"ನನಗ ಹೇಳ್ಯಾಳ."

"ನಿನಗೆಲ್ಲಿ ಹೇಳ್ಯಾಳ? ನನಗ ಹೇಳ್ಯಾಳ."

"ಮತ್ತ ನನಗ ಫೋನಿನ್ಯಾಗ ಹೇಳಿದಾಕಿ ಯಾರು?"

ಮೂವರೂ ನನ್ನತ್ತ ತಿರುಗಿದರು. ಒಳಗೆ ಮೈಕಿನಲ್ಲಿ ಹೆಸರು ಕೂಗುತ್ತಿದ್ದರು.

"ಹಂಗಾದ್ರ ಹೊರಗ ಉಳಿಯವ್ರು ಯಾರ್ರಿ?" ಎಂದು ಕಾವಲುಗಾರ ಕೇಳಿದ.

ಆಗ ನೋಡಿದೆ. ಅವ್ವ ಕ್ರೂಸರಿನ ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದಳು.

"ಯಾಕ ಬೇ, ಇಳೀಲಿಲ್ಲ?"

"ಒಬ್ರಿಗೇ ಅಂತಲ್ಲವ್ವಾ. ಯಾರಿಗರೆ ಹೇಳಿರ್ತಿ. ನಾ ಬುತ್ತಿ ಕಾಯ್ತೀನಿ, ನೀ ನಡಿ."

ಅವ್ವನ ಹೊರತು ಎಲ್ಲರಿಗೂ ಹೇಳಿದ್ದೆ. ಕಟ್ಟೆಯ ಮೇಲೆ ನಾನೇ ಕೊಟ್ಟ ಮೊದಲನೆಯ ಉದಾಹರಣೆ!

"ಅವ್ವ ಬರ್ತಾಳ" ಎಂದು ಹೇಳಬೇಕೆಂದುಕೊಂಡೆ. ಕಾಕಾನ ಮುಖ ನೋಡಿ ಮೊಬೈಲಿನ ಸೂಚನೆಯನ್ನು ಮತ್ತೊಮ್ಮೆ ಓದತೊಡಗಿದೆ. ನನ್ನನ್ನು ಉಳಿಸಿದ್ದು ಅವರ ಜಗಳವೇ. ಅತ್ಯಾ ಹೋಗುವುದಕ್ಕೆ ಕಾಕಾ ಒಪ್ಪಲಿಲ್ಲ, ಕಾಕಾ ಹೋಗುವುದಕ್ಕೆ ಮಾಮಾ ಒಪ್ಪಲಿಲ್ಲ. ಕೊನೆಗೆ ಕಾಕಾ ಅವ್ವನತ್ತ ಕೈ ತೋರಿಸಿ, "ವೈನಿ ಹೋಗ್ಲಿ. ಅಕಿ ಮ್ಯಾಲ ಯಾರಿಗೂ ಸಿಟ್ಟಿಲ್ಲ" ಎಂದು ತೀರ್ಪು ಕೊಟ್ಟರು. ಮಾಮಾ ಅವಸರದಲ್ಲಿ ನನ್ನ ತಲೆಗೆ ಫೇಟಾ ಸುತ್ತಿದರು. ಅವ್ವ ಗಂಟಿನ ಸಮೇತ ಒಳಗೆ ಬಂದಳು.

ವೇದಿಕೆ ಹತ್ತುವಾಗ ಫೇಟಾ ಕಣ್ಣಿನ ಮೇಲೆ ಜಾರಿತು. ಕಂಡದ್ದು ಬರೀ ಬೂಟುಗಳು. ಯಾವುದೋ ಬೂಟಿಗೆ ನಮಸ್ಕರಿಸಿದೆ. ಅದು ಫೋಟೋ ತೆಗೆಯುವವನದಾಗಿತ್ತು. ಯಾರೋ ನನ್ನ ಕೈಗೆ ಪ್ರಮಾಣಪತ್ರ ಕೊಟ್ಟರು. ಚಪ್ಪಾಳೆಗಿಂತ ಮೊದಲು ಅವ್ವನ ಕೆಮ್ಮು ಕೇಳಿಸಿತು. ಅಳು ಬಂದಾಗ ಅವಳು ಕೆಮ್ಮುತ್ತಾಳೆ.

ಹೊರಗೆ ಬಂದು ಪ್ರಮಾಣಪತ್ರವನ್ನು ಕಾಕಾನ ಕೈಗಿತ್ತೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬಿ.ಎ. ಆದಿ, ಖರೆ. ಒಪ್ಪಿದ್ನಿ. ಆದ್ರ ಇಷ್ಟ ಓದಿದ್ರೂ ಬ್ಯಾಡ ಅನ್ನಾಕ ಬರಲಿಲ್ಲಲ್ಲ ನಿನಗ. ನಮ್ಮ ಎಮ್ಮಿ ನೋಡ, ಬ್ಯಾಡಾದ್ರ ಒದೀತೈತಿ."