ಕೊಳವೆಯ ಮೇಲಿನ ಸಂಡಿಗೆ

ನನ್ನದೊಂದು ದೌರ್ಬಲ್ಯವನ್ನು ಒಪ್ಪಿಕೊಂಡುಬಿಡುತ್ತೇನೆ. ಹೊರಗಿನವರು ಬುದ್ಧಿ ಹೇಳಿದರೆ ನನಗೆ ಮೈ ಉರಿಯುತ್ತದೆ. ಕ್ಷೌರದವನು ಬೈತಲೆಯನ್ನು ಬಲಕ್ಕೆ ತೆಗೆಯಲೇ ಎಂದು ಕೇಳಿದರೂ, ನನ್ನ ತಲೆಯ ಬಗ್ಗೆ ಇವನಿಗೇನು ಗೊತ್ತು ಎನ್ನುವವನು ನಾನು. ಇಂಥವನು ಹುಣಸೂರಿನ ಸಣ್ಣ ಕಂಪನಿಯೊಂದರಲ್ಲಿ ಬಹಳ ವರ್ಷಗಳಿಂದ ಮ್ಯಾನೇಜರ್. ತಂಬಾಕಿನ ಎಲೆಯನ್ನು ಬಿಸಿಗಾಳಿಯಲ್ಲಿ ಹದಮಾಡುವ ಬ್ಯಾರನ್ ಎಂಬ ಮನೆಗಳಿಗೆ ಒಲೆಯನ್ನೂ ಕಾವು ಹಾಯಿಸುವ ತಗಡಿನ ಕೊಳವೆಯನ್ನೂ ಮಾಡುವುದು ನಮ್ಮ ಕಸುಬು. ಈಚೆಗೆ ರೈತರು ಒಬ್ಬೊಬ್ಬರೇ ತಂಬಾಕು ಬಿಟ್ಟು ಶುಂಠಿ, ಜೋಳ ಎನ್ನುತ್ತಿದ್ದಾರೆ. ಹೀಗೇ ಆದರೆ ನಮ್ಮ ವೆಲ್ಡರುಗಳೆಲ್ಲ ಮನೆ ಸೇರಬೇಕು. ಬೇರೆ ಯಾವ ವಿದ್ಯೆಯೂ ಬಾರದ ನಾನು ಅವರಿಗಿಂತ ಮೊದಲೇ ಸೇರಬೇಕು.

ನಮ್ಮ ಯಜಮಾನರು ಎದೆಗುಂದುವವರಲ್ಲ. "ನಾವ್ ನಾವೇ ಕೂತ್ರೆ ಕೊಳವೆ ಉದ್ದ ಮಾಡೋದೋ ಗಿಡ್ಡ ಮಾಡೋದೋ ಅಂತ್ಲೇ ಮಾತಾಡ್ತೀವಿ ಕಣ್ರೀ. ನಮ್ ಕೆಲ್ಸ ಗೊತ್ತಿಲ್ದೋರ್ನ ಕರಸ್ತೀನಿ. ಅವ್ರು ಮಾತಾಡ್ಲಿ, ನಾವು ಬಾಯ್ ಮುಚ್ಕೊಂಡು ಕೇಳನ" ಎಂದರು. ಮೈಸೂರಿನಿಂದ ಟೈ ಕಟ್ಟಿದವರು ಬರುತ್ತಾರೆಂದು ನಾನು ಪ್ರೊಜೆಕ್ಟರು ಬಾಡಿಗೆಗೆ ತರಿಸಿದೆ. ಬಂದವರು ಇಬ್ಬರು. ಪಿರಿಯಾಪಟ್ಟಣದ ನಿವೃತ್ತ ಬಸ್ ಡ್ರೈವರು ನನ್ನ ಮೂರನೆಯ ಚಿತ್ರಕ್ಕೇ ತೂಕಡಿಸಿದರು. ಎಚ್.ಡಿ. ಕೋಟೆ ಕಡೆಯ ಶುಂಠಿ ಬೆಳೆಗಾರ್ತಿ ಚಿಕ್ಕತಾಯಮ್ಮ ಎದ್ದು ಹೊರಗೇ ಹೋದರು; ಯಜಮಾನರೂ ನಾನೂ ಹಿಂದೆಯೇ ಹೋದೆವು. ಅಲ್ಲಿ ಹೊಸ ಒಲೆಗೆ ಪರೀಕ್ಷೆಯ ಉರಿ ಹಾಕಿತ್ತು. ಕೊಳವೆಯ ಮೇಲೆ ಹಲಗೆ, ಹಲಗೆಯ ಮೇಲೆ ಬಟ್ಟೆ, ಬಟ್ಟೆಯ ತುಂಬ ಸಂಡಿಗೆ.

"ಇದ್ಯಾರ್ದು ಸಾ?" ಎಂದರು. ವೆಲ್ಡರುಗಳೆಲ್ಲ ಒಟ್ಟಿಗೇ ನನ್ನ ಕಡೆ ತಿರುಗಿದರು. ಮೋಡದ ದಿನಗಳಲ್ಲಿ ಒಲೆಗೆ ಉರಿ ಹಾಕುವುದಿದ್ದರೆ ಹೆಂಡತಿ ಡಬ್ಬಿಯಲ್ಲಿ ಹಸಿ ಸಂಡಿಗೆ ಕಟ್ಟಿ ಕಳಿಸುತ್ತಾಳೆ. ಸಂಜೆ ಗರಿಗರಿಯಾಗಿ ಮನೆಗೆ ಒಯ್ಯುತ್ತೇನೆ. ಈ ಸೇವೆ ವರ್ಷಗಳಿಂದ ನಡೆದಿದೆ. ಕೆಲಸ ಹೋಯಿತೆಂದೇ ಎಣಿಸಿ ಯಜಮಾನರ ಮುಖ ನೋಡದೆ ನಿಂತೆ.

ಆಕೆ ಒಂದು ಸಂಡಿಗೆ ಮುರಿದು ನೋಡಿದರು. "ಅಲ್ಲ ಕಣ್ ಸಾ, ಅಸಿ ಶುಂಟಿಗೆ ರೇಟ್ ಬಿದ್ದಾಗ ಒಣಗ್ಸಿ ಮಡೀಕಳನ ಅಂದ್ರೆ ಮಳೇಲಿ ಬೂಷ್ಟು ಇಡೀತದೆ. ಅದುನ್ನ ಒಣಗ್ಸಾಕೆ ಇಂತಾದ್ದೇ ಒಂದ್ ಚಿಕ್ಕ ಒಲೆ ಮಾಡ್ಕೊಡಿ. ಅದ್ಕೆ ಬ್ಯಾರನ್ ಯಾಕ್ ಬೇಕು, ಬುಡಿ" ಎಂದರು.

ನನ್ನ ಮೈ ಉರಿಯಲಿಲ್ಲ. ನಿಜ ಹೇಳುತ್ತೇನೆ, ಆಕೆಗೆ ಕೈ ಮುಗಿಯಬೇಕೆನಿಸಿತು. ನಾನು ವರ್ಷಗಳಿಂದ ನೋಡುತ್ತಿದ್ದುದನ್ನು ಆಕೆ ಒಂದು ಗಳಿಗೆಯಲ್ಲಿ ಕಂಡರು. ಅಷ್ಟಕ್ಕೆ ಅವಕಾಶ ಕೊಟ್ಟು ಬಾಯಿ ಮುಚ್ಚಿ ನಿಂತ ಯಜಮಾನರೂ ದೊಡ್ಡವರೇ. ಈಗ ನಮ್ಮ ಶೆಡ್ಡಿನಲ್ಲಿ ಶುಂಠಿ ಒಣಗಿಸುವ ಪೆಟ್ಟಿಗೆಗಳು ತಯಾರಾಗುತ್ತಿವೆ. ವೆಲ್ಡರುಗಳು ಯಾರೂ ಮನೆ ಸೇರಿಲ್ಲ.

ಅವತ್ತು ಮನೆಗೆ ಹೋದವನೇ, ಈ ಯೋಚನೆ ಅರ್ಧ ನನ್ನದೂ ಎನ್ನುವ ಧಾಟಿಯಲ್ಲಿ ಹೆಂಡತಿಗೆ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. "ರೀ, ಮದ್ವೆಯಾದ್ ವರ್ಷಾನೇ ಸಂಡಿಗೆ ಒಣಗ್ಸೋಕೆ ಮನೆಗೊಂದು ಇಂಥಾದ್ದು ಮಾಡ್ಸ್ಕೊಡಿ ಅಂದಿದ್ದೆ. 'ನಮ್ ಕಂಪ್ನಿ ವಿಷ್ಯ ನಿಂಗೇನ್ ಗೊತ್ತು' ಅಂದ್ರಿ" ಎಂದಳು.

ಮುಂದಿನ ಸಭೆಗೆ ಕರೆಯುವವರ ಪಟ್ಟಿಯಲ್ಲಿ ಮೊದಲು ಅವಳ ಹೆಸರನ್ನೇ ಬರೆದಿದ್ದೇನೆ. ಬರುತ್ತೀಯಾ ಎಂದು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.