ಎರಡು ಸ್ಟಾಪಿನ ನಡುವಿನ ಸಿನಿಮಾ

ನೀವೆಲ್ಲ ಸಿನಿಮಾವನ್ನು ಗಂಟೆ, ನಿಮಿಷಗಳಲ್ಲಿ ಅಳೆಯುತ್ತೀರಿ. ನಮ್ಮ ಮಾವ ಬಸ್ ಸ್ಟಾಪಿನಲ್ಲಿ ಅಳೆಯುತ್ತಾರೆ! ಮಾವ ಎಂದರೆ ನನ್ನ ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ. ಸಿದ್ದಾಪುರದಿಂದ ಬ್ರಹ್ಮಾವರದವರೆಗಿನ ರೂಟುಗಳಲ್ಲೆಲ್ಲ ಕಂಡಕ್ಟರಾಗಿ ದುಡಿದು ನಿವೃತ್ತರಾದವರು ಈಗ ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಾರೆ. ಮೊದಲ ಚಿತ್ರ ಬ್ರಹ್ಮಾವರದಿಂದ ಕೋಟದಷ್ಟು ಉದ್ದವಿತ್ತು. ಎರಡನೆಯದು ಸಾಲಿಗ್ರಾಮದಿಂದ ಪಕ್ಕದ ಕೋಟಕ್ಕೆ ಇಳಿಯಿತು.

ತೀರ್ಪುಗಾರರು ಒಬ್ಬರೇ, ನನ್ನ ಅತ್ತೆ. ಅವರಿಗೆ ಈಚೆಗೆ ಮರೆವಿನ ಕಾಯಿಲೆ. ಮಾವನ ಲೆಕ್ಕದಲ್ಲಿ ಅಕ್ಕ ಕೊನೆಯವರೆಗೆ ನೋಡಿದರೆ ಚಿತ್ರ ಪಾಸು, ನಡುವೆ ಬೇರೆ ಮಾತು ತೆಗೆದರೆ ಫೇಲು. ಅವರು ನೋಡುವಾಗ ಮಾವ ಪರದೆಯತ್ತ ಕಣ್ಣು ಹಾಯಿಸುವುದಿಲ್ಲ, ಅಕ್ಕನ ಮುಖವನ್ನೇ ನೋಡುತ್ತಾರೆ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪ್ರಬಂಧಕ್ಕೆ ಆರಂಭ, ನಡು, ಕೊನೆ ಮೂರೂ ಇರಲೇಬೇಕೆಂದು ಕಲಿಸಿದ್ದರು. ಆ ಧೈರ್ಯದಲ್ಲಿ ಕೇಳಿದೆ, “ಮಾವ, ಇದ್ರಲ್ಲಿ ನಡು ಎಲ್ಲಿ?”

“ನಡು ಎಂತಕ್ಕೆ ಮಗಾ? ಪ್ಯಾಸೆಂಜರ್ ಹತ್ಕ್, ಕಿಟ್ಕಿಯಂಗೆ ಒಂದ್ ಚಂದದ್ ಕಾಣ್ಕ್, ಇಳಿಕ್. ಊರೆಲ್ಲ ಸುತ್ತ್ಸುಕೆ ನಮ್ದೆಂತ ಟೂರಿಸ್ಟ್ ಬಸ್ಸಾ?”

ಹತ್ತಬೇಕು, ಕಿಟಕಿಯಲ್ಲಿ ಒಂದು ಚಂದ ಕಾಣಬೇಕು, ಇಳಿಯಬೇಕು, ಅಷ್ಟೇ! ಆ ಒಂದು ಚಂದಕ್ಕಾಗಿ ಕೋಡಿಯ ಕಡಲತೀರದಲ್ಲಿ ಮೀನು ಮಾರುವ ಹೆಂಗಸನ್ನು ಏಳು ಸಲ ನಡೆಸಿದರು. ಅವಳು ಬುಟ್ಟಿ ಇಳಿಸಿಯೇಬಿಟ್ಟಳು. “ಹ್ವಾಯ್ ಕಂಡಕ್ಟ್ರೇ, ನಿಮ್ಮ್ ಸಣ್ಣ್ ಸಿನೆಮಾ ಮುಗೂದ್ರೊಳ್ಗೆ ನನ್ ಬಂಗ್ಡಿ ಮೀನ್ ಕೊಳೀತ್ ಕಾಣಿ!” ಇಷ್ಟೆಲ್ಲ ಬೈಸಿಕೊಂಡು ಉಳಿಸಿಕೊಂಡದ್ದೇನು? ಬುಟ್ಟಿಯಿಂದ ಸೋರಿ ಅವಳ ಕಿವಿಯೋಲೆಯ ಮೇಲೆ ನಿಂತ ಒಂದೇ ಒಂದು ಹನಿ!

ಆ್ಯಕ್ಷನ್, ಕಟ್ ಎಂಬುದೆಲ್ಲ ಮಾವನಿಗೆ ಹಿಡಿಸದು. ಎರಡು ಸೀಟಿ ಊದಿದರೆ ನಡೆಯಬೇಕು, ಒಂದು ಊದಿದರೆ ನಿಲ್ಲಬೇಕು. ಎರಡನೆಯ ಚಿತ್ರಕ್ಕೆ ಕೋಟದ ಹೆದ್ದಾರಿ ಬದಿಯಲ್ಲಿ ನನಗೆ ಕೊಡೆ ಹಿಡಿಸಿ ನಡೆಸುತ್ತಿದ್ದರು. (ಹೌದು, ನಾಯಕಿ ನಾನೇ. ನಗಬೇಡಿ!) ಒಂದು ಸೀಟಿ ಊದಿದರು. ನಾನು ನಿಂತೆ. ಸ್ಟಾಪಿನಿಂದ ಆಗಷ್ಟೇ ಹೊರಟಿದ್ದ ಬಸ್ಸೂ ನಿಂತಿತು!

ಡ್ರೈವರ್ ಕತ್ತು ಹೊರಹಾಕಿ, “ಯಾರ್ ಇಳೂದ್?” ಎಂದ.

ಮಾವ ನಾಚಿದರೇ? “ಯಾರೂ ಇಲ್ಲೆ, ರೈಟ್!” ಎಂದು ಎರಡು ಸೀಟಿ ಊದಿದರು. ಬಸ್ಸೂ ಹೊರಟಿತು, ನಾನೂ ಹೊರಟೆ!

ಮೊನ್ನೆ ಬ್ರಹ್ಮಾವರದಲ್ಲಿ ಕಿರುಚಿತ್ರ ಸ್ಪರ್ಧೆ ಎಂದು ತಿಳಿಯಿತು. ಕನಿಷ್ಠ ಐದು ನಿಮಿಷ ಇರಬೇಕಂತೆ. ಮಾವನ ಹೊಸ ಚಿತ್ರ ಮೂರು ನಿಮಿಷವೂ ಇಲ್ಲ.

“ಇನ್ನೆರಡು ನಿಮಿಷ ಸೇರಿಸಿ ಮಾವ, ಬಹುಮಾನ ಬಂದರೂ ಬಂತು,” ಎಂದೆ.

“ಆತ್ತಿಲ್ಲೆ ಮಗಾ.”

“ಯಾಕೆ? ಸ್ಟಾಪು ದಾಟಿ ಹೋಗ್ತದಾ?”

ಮಾವ ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. “ಹ್ವಾದ್ಸಲ ಐದ್ ನಿಮಿಷ ಆಪ್ ಹೊತ್ತಿಗೆ ಅಕ್ಕ ನನ್ ಕಂಡ್ಕಂಡ್ ‘ನೀವ್ ಯಾರ್’ ಅಂದ್ಲ್. ಈ ಸಲ ಮೂರಕ್ಕೇ ಕೇಂಡ್ಲ್. ಅದ್ರೊಳ್ಗೇ ಮುಗ್ಸ್ಕ್ ಮಗಾ.”

ಕತ್ತರಿ ಎಲ್ಲಿ ಬೀಳುತ್ತಿತ್ತೆಂದು ನನಗೆ ತಿಳಿದದ್ದು ಆಗಲೇ.

ಆವತ್ತು ಮಧ್ಯಾಹ್ನ ಊಟ ಮುಗಿಸಿ ಅತ್ತೆಗೆ, ಕತ್ತರಿಸಿ ಮೂರು ನಿಮಿಷದೊಳಗೆ ತಂದ ಆ ಹೊಸ ಚಿತ್ರ ತೋರಿಸಿದರು. ಹೆಚ್ಚೇನಿಲ್ಲ. ಹಳೆಯ ಚರ್ಮದ ಚೀಲ ಹೆಗಲಿಗೇರಿಸಿದ ಮಾವ ಗೇಟು ತೆಗೆದು, ಕಾಲು ತೊಳೆದು, “ಅಕ್ಕಾ, ಬಂದೆ,” ಎನ್ನುತ್ತಾರೆ. ಅಷ್ಟೇ.

ಅತ್ತೆ ಕೊನೆಯವರೆಗೂ ನೋಡಿದರು. ಪಕ್ಕದಲ್ಲಿದ್ದ ಮಾವನತ್ತ ತಿರುಗಿದರು.

“ಬಸ್ಸಿಳ್ದ್ ಸೀದಾ ಬಂದ್ಯಾ ತಮ್ಮಾ? ಉಂಡ್ಯಾ?”

“ಇಲ್ಲೆ ಅಕ್ಕಾ,” ಎಂದರು, ಆಗಷ್ಟೇ ಉಂಡು ಎದ್ದ ಮಾವ.

ನಾನು ಒಳಗೆ ಹೋಗಿ ಮಾವನಿಗೆ ಮತ್ತೊಮ್ಮೆ ಊಟದ ಬಟ್ಟಲಿಟ್ಟೆ.